ನಿಮ್ಮ ಲೆಕ್ಕ ಯಾರ ಕೈಯಲ್ಲಿದೆ?

(ದಾವಣಗೆರೆಯಲ್ಲಿ ಸಣ್ಣ ವ್ಯಾಪಾರಸ್ಥರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೇಳಲು ಬಂದವರೇ ಬರೆದು ಕೊಡಿ ಅಂದರು. ಮಾತಿನ ಧಾಟಿಯನ್ನು ಹೆಚ್ಚು ಬದಲಿಸಿಲ್ಲ.)

ಎಲ್ಲರಿಗೂ ನಮಸ್ಕಾರ. ಸಂಜೆ ವ್ಯಾಪಾರದ ಹೊತ್ತು ಬಿಟ್ಟು ಬಂದಿದ್ದೀರಿ. ಕೆಲವರು ಗಲ್ಲಾದಲ್ಲಿ ಮಗನನ್ನೋ ತಮ್ಮನನ್ನೋ ಕೂರಿಸಿ ಬಂದಿದ್ದೀರಿ. ಹಾಗಾಗಿ ಪೀಠಿಕೆ ಬೇಡ, ನೇರ ವಿಷಯಕ್ಕೆ ಬರುತ್ತೇನೆ.

ನಾನು ಸಿ.ಎ. ಅಲ್ಲ. ಮಂಡಿಪೇಟೆಯ ಅಂಗಡಿಗಳಲ್ಲಿ, ಆಮೇಲೆ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಾ ಬಂದವನು. ಕಿರ್ದಿ ಪುಸ್ತಕದಲ್ಲೂ ಬರೆದಿದ್ದೇನೆ, ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿಯಲ್ಲೂ ಬರೆಯುತ್ತಿದ್ದೇನೆ. ಮಾಲೀಕರ ಪಕ್ಕದಲ್ಲಿ ಕೂತು ಅವರ ಗಾಬರಿ ನೋಡಿದ್ದೇನೆ, ಆಡಿಟರ್ ಆಫೀಸಿನ ಬೆಂಚಿನ ಮೇಲೆ ಫೈಲು ಹಿಡಿದು ಕೂತು ಅಲ್ಲಿನ ಒತ್ತಡವನ್ನೂ ನೋಡಿದ್ದೇನೆ. "ಒಳ್ಳೆ ಆಡಿಟರ್ ಯಾರಿದಾರೆ, ಒಂದು ಹೆಸರು ಹೇಳ್ರಿ" ಅಂತ ತುಂಬ ಜನ ಕೇಳುತ್ತಾರೆ. ಹೆಸರು ಹೇಳುವುದಿಲ್ಲ. ಅಕ್ಕಿ ಗಿರಣಿ ಲೆಕ್ಕದಲ್ಲಿ ಪಳಗಿದವರಿಗೆ ಡಾಕ್ಟರ ಕ್ಲಿನಿಕ್ಕಿನ ಲೆಕ್ಕ ಹೊಸದು. ಒಬ್ಬರಿಗೆ ಹೊಂದಿದವರು ಇನ್ನೊಬ್ಬರಿಗೂ ಹೊಂದಬೇಕು ಅಂತೇನಿಲ್ಲ. ಆರಿಸುವುದು ಹೇಗೆ ಅಂತ ಹೇಳಬಲ್ಲೆ.

ಮೊದಲು ಒಂದು ಮಾತು ತಲೆಯಲ್ಲಿ ಇಟ್ಟುಕೊಳ್ಳಿ. ನಿಮ್ಮ ಜಿಎಸ್‌ಟಿ ರಿಟರ್ನ್ ಯಾರೇ ಹಾಕಲಿ, ಆದಾಯ ತೆರಿಗೆ ರಿಟರ್ನ್ ಯಾರೇ ತುಂಬಲಿ, ಅದು ಕಾನೂನಿನ ಪ್ರಕಾರ ನಿಮ್ಮ ರಿಟರ್ನ್. ತೆರಿಗೆ, ಬಡ್ಡಿ, ದಂಡ ಎಲ್ಲ ನಿಮ್ಮ ಹೆಸರಿಗೇ ಬರುತ್ತದೆ. ಅಧಿಕಾರಿ ಮುಂದೆ ನಿಂತು "ನಮ್ಮ ಆಡಿಟರ್ ಮಾಡಿದ್ದು ಸಾರ್, ನಂಗೇನೂ ಗೊತ್ತಿಲ್ಲ" ಅಂದರೆ ಅವರು ಪಾಪ ಅನ್ನಬಹುದು, ಡಿಮ್ಯಾಂಡ್ ಕಮ್ಮಿ ಮಾಡುವುದಿಲ್ಲ. ಅದಕ್ಕೇ ನಾನು ಹೇಳುವುದು ಇಷ್ಟು: ಲೆಕ್ಕ ಯಾರು ಬೇಕಾದರೂ ಬರೆಯಲಿ, ಅದು ನಿಮ್ಮ ಕಣ್ಣಿಗೆ ಬೀಳುತ್ತಿರಬೇಕು. ತೋರಿಸುವವರನ್ನು ಹುಡುಕಿ. ಕೇಳಿದರೆ ಸಿಡಿಮಿಡಿ ಮಾಡುವವರು ಎಷ್ಟೇ ದೊಡ್ಡ ಹೆಸರಿನವರಾದರೂ ನಿಮಗೆ ಬೇಡ.

ಸುಮ್ನೆ ಮಾತಲ್ಲಿ ಹೇಳಿದರೆ ಆಗಲ್ಲ ಅಂತ ಸಭೆಯಲ್ಲೇ ಒಂದು ಕೆಲಸ ಮಾಡಿಸಿದೆ. ಓದುತ್ತಿರುವ ನೀವೂ ಈಗಲೇ ಮಾಡಿ. ಜಿಎಸ್‌ಟಿ ಇರುವವರು ಮೊಬೈಲ್ ತೆಗೆಯಿರಿ. ಜಿಎಸ್‌ಟಿ ಪೋರ್ಟಲ್ಲಿಗೆ ಹೋಗಿ 'ಸರ್ಚ್ ಟ್ಯಾಕ್ಸ್‌ಪೇಯರ್' ಒತ್ತಿ. ಲಾಗಿನ್ ಬೇಡ, ಪಾಸ್‌ವರ್ಡ್ ಬೇಡ. ನಿಮ್ಮ 15 ಅಕ್ಷರದ ನಂಬರು ಹಾಕಿ, ನಮ್ಮ ರಾಜ್ಯದ್ದು 29ರಿಂದ ಶುರುವಾಗುತ್ತದೆ. ಕ್ಯಾಪ್ಚಾ ತುಂಬಿದರೆ ನಿಮ್ಮ ಅಂಗಡಿ ಹೆಸರು, ನೋಂದಣಿ ಚಾಲ್ತಿಯಲ್ಲಿದೆಯಾ ರದ್ದಾಗಿದೆಯಾ ಅನ್ನುವುದು ಬರುತ್ತದೆ. ಅದೇ ಪುಟದಲ್ಲಿ ಫೈಲಿಂಗ್ ಟೇಬಲ್ ಅಂತ ಇದೆ, ಒತ್ತಿ. ಯಾವ ತಿಂಗಳ ರಿಟರ್ನ್ ಯಾವ ತಾರೀಕಿಗೆ ಹಾಕಿದ್ದಾರೆ ಅಂತ ಸಾಲಾಗಿ ಕಾಣುತ್ತದೆ.

ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದ ಬೇಕರಿ ಯಜಮಾನರೊಬ್ಬರು ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಪಕ್ಕದವರ ಕೈಗೆ ಕೊಟ್ಟು ಓದಿಸಿದರು. ಪಟ್ಟಿ ಒಂದು ಕಡೆ ನಿಂತೇ ಹೋಗಿತ್ತು. ಆಮೇಲಿನ ತಿಂಗಳುಗಳು ಇರಲೇ ಇಲ್ಲ. "ಪ್ರತಿ ತಿಂಗಳು ದುಡ್ಡು ಇಸ್ಕೊಂಡು ಹೋಗ್ತಿದಾನಲ್ರಿ" ಅಂದರು, ಅಷ್ಟೇ. ಅವರನ್ನು ನೋಡಿ ನನಗೆ ಸಂಕಟವಾಯಿತು. ಓದಿಲ್ಲದವರಲ್ಲ, ದಡ್ಡರೂ ಅಲ್ಲ. ಮೈದಾ ಮೂಟೆಯಲ್ಲಿ ಒಂದು ಕೆಜಿ ಕಮ್ಮಿ ಬಂದರೆ ಕೈಯಲ್ಲೇ ಹಿಡಿದು ಹೇಳುವ ಮನುಷ್ಯ. ಇದನ್ನು ನೋಡಬಹುದು ಅಂತ ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ತಡವಾದರೆ ಏನಾಗುತ್ತದೆ? ರಿಟರ್ನಿಗೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ವ್ಯಾಪಾರವೇ ಇಲ್ಲದ ನಿಲ್ ರಿಟರ್ನ್ ಆದರೆ 20. ಅದಕ್ಕೊಂದು ಮಿತಿ ಇದೆ. ಆದರೆ ಬಾಕಿ ತೆರಿಗೆಗೆ ವರ್ಷಕ್ಕೆ ಶೇ. 18ರ ಬಡ್ಡಿ ಓಡುತ್ತಲೇ ಇರುತ್ತದೆ. ತಿಂಗಳ ರಿಟರ್ನ್ ಹಾಕುವವರು ಸತತ ಆರು ತಿಂಗಳು ಹಾಕದಿದ್ದರೆ ನೋಂದಣಿ ರದ್ದು ಮಾಡುವ ಅಧಿಕಾರ ಇಲಾಖೆಗೆ ಇದೆ. ಈಗ ಇನ್ನೊಂದು ಬಂದಿದೆ, ಗಡುವಿನಿಂದ ಮೂರು ವರ್ಷ ದಾಟಿದ ಹಳೆ ರಿಟರ್ನನ್ನು ಪೋರ್ಟಲ್ ತೆಗೆದುಕೊಳ್ಳುವುದೇ ಇಲ್ಲ. ನೀವು ಸರಿಪಡಿಸುತ್ತೇನೆ ಅಂದರೂ ದಾರಿ ಇರಲ್ಲ. ಅದಕ್ಕೇ ತಿಂಗಳಿಗೊಮ್ಮೆ, 20ನೇ ತಾರೀಕು ಕಳೆದ ಮೇಲೆ, ಆ ಟೇಬಲ್ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಈಗ ಯಾರ ಹತ್ತಿರ ಹೋಗಬೇಕು ಅನ್ನುವ ವಿಷಯ. ನಮ್ಮೂರಲ್ಲಿ ತೆರಿಗೆ ಕೆಲಸ ಮಾಡುವ ಎಲ್ಲರನ್ನೂ ಆಡಿಟರ್ ಅಂತಲೇ ಕರೆಯುತ್ತೇವೆ. ಪಿ.ಜೆ. ಬಡಾವಣೆಯಲ್ಲಿ ಆಫೀಸಿಟ್ಟ ಸಿ.ಎ.ಯೂ ಆಡಿಟರ್, ಸ್ಕೂಟರಿನಲ್ಲಿ ಅಂಗಡಿ ಅಂಗಡಿಗೆ ಬಂದು ಬಿಲ್ ಬುಕ್ ತೆಗೆದುಕೊಂಡು ಹೋಗುವ ಹುಡುಗನೂ ಆಡಿಟರ್. ಇದರಲ್ಲಿ ಯಾರೂ ಕೀಳಲ್ಲ, ಆದರೆ ಕೆಲಸ ಬೇರೆ ಬೇರೆ. ಲೆಕ್ಕ ಬರೆಯುವವರು ನಿಮ್ಮ ದಿನದ ಖರೀದಿ, ಮಾರಾಟ, ಖರ್ಚು ಬರೆದಿಡುತ್ತಾರೆ. ಅವರಿಗೆ ಲೈಸೆನ್ಸ್ ಬೇಕಿಲ್ಲ, ಕೈ ಶುದ್ಧವಾಗಿದ್ದು ಕೆಲಸ ಗೊತ್ತಿದ್ದರೆ ಸಾಕು. ಟ್ಯಾಕ್ಸ್ ಪ್ರ್ಯಾಕ್ಟೀಷನರ್ ಅಂತ ಇರುತ್ತಾರೆ, ಬಿ.ಕಾಂ. ಮಾಡಿ ಜಿಎಸ್‌ಟಿ ಪ್ರ್ಯಾಕ್ಟೀಷನರ್ ಅಂತ ನೋಂದಣಿ ಮಾಡಿಸಿ ಪರೀಕ್ಷೆ ಪಾಸಾದವರು, ತೆರಿಗೆ ಕೆಲಸ ಮಾಡುವ ವಕೀಲರು. ರಿಟರ್ನ್ ಹಾಕುವುದು, ನೋಟಿಸಿಗೆ ಉತ್ತರ ಬರೆಯುವುದು ಇವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಸಿ.ಎ. ಅಂದರೆ 1949ರ ಕಾಯ್ದೆಯಡಿ ಆದ ಚಾರ್ಟರ್ಡ್ ಅಕೌಂಟೆಂಟ್ಸ್ ಸಂಸ್ಥೆಯ ಸದಸ್ಯರು. ಆದಾಯ ತೆರಿಗೆಯ ಆಡಿಟ್ ವರದಿಗೆ ಸಹಿ ಹಾಕಲು ಅವರಿಗೆ ಮಾತ್ರ ಅಧಿಕಾರ. ಕಂಪನಿ ಮಾಡಿಕೊಂಡಿದ್ದರೆ ವ್ಯಾಪಾರ ಎಷ್ಟೇ ಸಣ್ಣದಿರಲಿ ಆಡಿಟ್ ಕಡ್ಡಾಯ, ಹಾಗಾಗಿ ಸಿ.ಎ. ಬೇಕೇ ಬೇಕು.

ಮತ್ತೆ ಉಳಿದವರಿಗೆ? ವಹಿವಾಟು 1 ಕೋಟಿ ದಾಟಿದರೆ ಆಡಿಟ್ ಅನ್ನುವುದು ಸಾಮಾನ್ಯ ನಿಯಮ. ನಗದು ವ್ಯವಹಾರ ಬರುವುದರಲ್ಲೂ ಕೊಡುವುದರಲ್ಲೂ ಶೇ. 5 ಮೀರದಿದ್ದರೆ 10 ಕೋಟಿವರೆಗೆ ಬೇಡ. ಸಣ್ಣ ವ್ಯಾಪಾರಿಗಳಿಗೆ ಅಂದಾಜು ಲಾಭದ ಪದ್ಧತಿ ಇದೆ, 2 ಕೋಟಿವರೆಗೆ, ನಗದು ಕಮ್ಮಿ ಇದ್ದರೆ 3 ಕೋಟಿವರೆಗೆ. ಬ್ಯಾಂಕ್ ಮೂಲಕ ಬಂದ ಮಾರಾಟಕ್ಕೆ ಶೇ. 6, ನಗದಿಗೆ ಶೇ. 8 ಲಾಭ ಅಂತ ತೋರಿಸುವುದು. 40 ಲಕ್ಷದ ಅಂಗಡಿ ಅಂದುಕೊಳ್ಳಿ. 25 ಲಕ್ಷ ಫೋನ್‌ಪೇ, ಗೂಗಲ್‌ಪೇಯಲ್ಲಿ ಬಂದಿದೆ, 15 ಲಕ್ಷ ನಗದು. 1 ಲಕ್ಷ 50 ಸಾವಿರಕ್ಕೆ 1 ಲಕ್ಷ 20 ಸಾವಿರ ಸೇರಿಸಿ 2 ಲಕ್ಷ 70 ಸಾವಿರ. ಇದು ಕನಿಷ್ಠ. ನಿಜವಾದ ಲಾಭ ಜಾಸ್ತಿ ಇದ್ದರೆ ಜಾಸ್ತಿಯೇ ತೋರಿಸಬೇಕು. ಇಂಥ ಅಂಗಡಿಗೆ ಒಳ್ಳೆ ಪ್ರ್ಯಾಕ್ಟೀಷನರ್ ಸಾಕು. ಆದರೆ ಈ ಪದ್ಧತಿಗೆ ಒಮ್ಮೆ ಸೇರಿ ಐದು ವರ್ಷದೊಳಗೆ ಬಿಟ್ಟರೆ ಮುಂದಿನ ಐದು ವರ್ಷ ವಾಪಸ್ ಬರಲು ಆಗಲ್ಲ. ಅದನ್ನು ನಿಮಗೆ ಯಾರಾದರೂ ಹೇಳಿದ್ದರಾ? ಹೇಳಿದ್ದರೆ ಅವರನ್ನು ಬಿಡಬೇಡಿ.

ಒಳ್ಳೆಯವರನ್ನು ಗುರುತಿಸಲು ನಾನು ನೋಡುವುದು ಒಂದೇ. ಮೊದಲ ಸಲ ಹೋದಾಗ ಅವರು ಏನು ಕೇಳುತ್ತಾರೆ? ಪ್ಯಾನ್ ಕೊಡಿ, ಆಧಾರ್ ಕೊಡಿ, ಒಟಿಪಿ ಹೇಳಿ, ಇಷ್ಟೇ ಕೇಳಿ ಮುಗಿಸಿದರೆ ಅವರಿಗೆ ನಿಮ್ಮ ವ್ಯಾಪಾರ ಬೇಕಿಲ್ಲ. ಮಂಡಕ್ಕಿ ಭಟ್ಟಿಯವರ ಉದಾಹರಣೆ ತೆಗೆದುಕೊಳ್ಳಿ. ನಮ್ಮೂರಿನ ಮಂಡಕ್ಕಿ ಎಲ್ಲೆಲ್ಲಿಗೋ ಹೋಗುತ್ತದೆ. ಬಿಡಿಯಾಗಿ ಮಾರಿದರೆ ಅದಕ್ಕೆ ಜಿಎಸ್‌ಟಿ ಇಲ್ಲ. ಅದೇ ಮಂಡಕ್ಕಿಯನ್ನು ತೂಕ ಮಾಡಿ ಪ್ಯಾಕೆಟ್‌ಗೆ ತುಂಬಿ ಲೇಬಲ್ ಅಂಟಿಸಿದರೆ ಶೇ. 5. 2022ರ ಜುಲೈನಿಂದ ಹೀಗಿದೆ. ಭಟ್ಟಿ ಅದೇ, ಒಲೆ ಅದೇ, ಅಕ್ಕಿ ಅದೇ. ಮಗ ಬಂದು ಒಂದು ಪ್ಯಾಕಿಂಗ್ ಮೆಷಿನ್ ತಂದಿಟ್ಟ ದಿನದಿಂದ ಲೆಕ್ಕವೇ ಬೇರೆ. ಇಂಥವರ ಹತ್ತಿರ ಕೂತ ಲೆಕ್ಕದವರು "ಚೀಲದಲ್ಲಿ ಕೊಡ್ತೀರೋ, ಪ್ಯಾಕೆಟ್ಟಲ್ಲೋ? ಲೇಬಲ್ ತೋರಿಸ್ರಿ" ಅಂತ ಕೇಳಬೇಕು. ಕೇಳದವರು ಒಂದೋ ಇಲ್ಲದ ತೆರಿಗೆ ಕಟ್ಟಿಸುತ್ತಾರೆ, ಇಲ್ಲವೋ ಇರುವ ತೆರಿಗೆ ಬಿಟ್ಟು ಮುಂದೆ ನೋಟಿಸ್ ಬರಿಸುತ್ತಾರೆ.

ಬೆಣ್ಣೆದೋಸೆ ಹೋಟೆಲಿನವರಿಗೆ ಪ್ರಶ್ನೆ ಬೇರೆ. ಕಾಂಪೊಸಿಷನ್‌ನಲ್ಲಿ, ಅಂದರೆ ಒಟ್ಟು ಮಾರಾಟದ ಮೇಲೆ ಇಷ್ಟು ಅಂತ ಜಿಎಸ್‌ಟಿ ಕಟ್ಟುವ ಸರಳ ಪದ್ಧತಿಯಲ್ಲಿ ಇದ್ದೀರಾ? 1 ಕೋಟಿ 50 ಲಕ್ಷದವರೆಗೆ ಹೋಟೆಲಿನವರು ಅದರಲ್ಲಿ ಇರಬಹುದು, ಶೇ. 5 ತಮ್ಮ ಜೇಬಿನಿಂದ ಕಟ್ಟಬೇಕು, ಗಿರಾಕಿ ಬಿಲ್ಲಿನಲ್ಲಿ ಜಿಎಸ್‌ಟಿ ಅಂತ ಹಾಕುವಂತಿಲ್ಲ. ಹಾಕಿದ ಬಿಲ್ಲುಗಳನ್ನು ನಾನು ನೋಡಿದ್ದೇನೆ. ಬಿಲ್ ಮೆಷಿನ್ ಮಾರಿದವನು ಸೆಟ್ ಮಾಡಿ ಕೊಟ್ಟಿರುತ್ತಾನೆ, ಮಾಲೀಕರಿಗೆ ಗೊತ್ತಿಲ್ಲ, ಲೆಕ್ಕದವರು ಹೋಟೆಲಿಗೆ ಕಾಲೇ ಇಟ್ಟಿಲ್ಲ. ಒಮ್ಮೆ ಬಂದು ಕೌಂಟರಿನಲ್ಲಿ ನಿಂತು ಒಂದು ಬಿಲ್ ನೋಡಿದ್ದರೆ ಸಾಕಿತ್ತು, ಅಲ್ವಾ? ವರ್ಷಕ್ಕೊಮ್ಮೆಯಾದರೂ ನಿಮ್ಮ ಅಂಗಡಿಗೆ ಬರುವವರನ್ನು ಇಟ್ಟುಕೊಳ್ಳಿ. ಬೆಂಗಳೂರಿನಿಂದ ಆನ್‌ಲೈನಲ್ಲಿ ಕಮ್ಮಿಗೆ ಮಾಡಿಕೊಡುತ್ತೇವೆ ಅನ್ನುವವರು ಬರೀ ಸಂಬಳದವರಿಗೆ ಆದೀತು, ಅಂಗಡಿಯವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ.

ಇನ್ನೊಂದು ಪ್ರಶ್ನೆ ಈಗ ಎಲ್ಲಕ್ಕಿಂತ ಮುಖ್ಯ. "ನಿಮ್ಮ ಕ್ಯೂಆರ್ ಕೋಡ್ ಎಷ್ಟಿವೆ, ಯಾರ್ಯಾರ ಖಾತೆಗೆ ಹೋಗುತ್ತೆ?" 2025ರ ಜುಲೈ ನಿಮಗೆಲ್ಲ ನೆನಪಿದೆ. ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಬೇಕರಿ, ಕಾಂಡಿಮೆಂಟ್ಸ್, ತರಕಾರಿಯವರಿಗೂ ಬಂತು. ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ತೆಗೆದು 'ಕ್ಯಾಶ್ ಮಾತ್ರ' ಅಂತ ಬರೆದು ಹಾಕಿದರು. ಮುಖ್ಯಮಂತ್ರಿಗಳು ವರ್ತಕರ ಜೊತೆ ಸಭೆ ಮಾಡಬೇಕಾಯಿತು. ಆ ಗಲಾಟೆಯಲ್ಲಿ ಎರಡು ಮಾತು ಬಿಟ್ಟುಹೋದವು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ನೋಂದಣಿ ಬೇಕು, ಯುಪಿಐ ಇರಲಿ ನಗದಿರಲಿ ಒಟ್ಟು ಮಾರಾಟವೇ ಲೆಕ್ಕ. ಮತ್ತೆ, ತೆರಿಗೆಯೇ ಇಲ್ಲದ ಸರಕನ್ನು ಮಾತ್ರ ಮಾರುವವರು, ಅಂದರೆ ಸೊಪ್ಪು ತರಕಾರಿ, ಬಿಡಿ ಹಾಲು ಮಾತ್ರ ಮಾರುವವರು, ಎಷ್ಟು ಮಾರಿದರೂ ನೋಂದಣಿ ಬೇಕಿಲ್ಲ. ಆದರೆ ಅದೇ ಹಾಲಿನ ಅಂಗಡಿಯಲ್ಲಿ ಬಿಸ್ಕತ್ತು, ಸೋಪು ಇಟ್ಟರೆ ಹಾಲಿನ ಮಾರಾಟವೂ ಸೇರಿ ಒಟ್ಟು ವಹಿವಾಟಿನ ಲೆಕ್ಕಕ್ಕೆ ಬರುತ್ತದೆ. ಇದನ್ನು ಮೊದಲೇ ಕೂರಿಸಿ ಹೇಳಿದ ಲೆಕ್ಕದವರಿದ್ದ ಅಂಗಡಿಗಳಲ್ಲಿ ಆ ಜುಲೈ ತಿಂಗಳೂ ಮಾಮೂಲಿನಂತೆ ಕಳೆಯಿತು.

ಕ್ಯೂಆರ್ ವಿಷಯ ಇನ್ನೂ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಅಂಗಡಿ ದುಡ್ಡು, ಚೀಟಿ ದುಡ್ಡು, ಊರಿಂದ ಅಣ್ಣ ಕಳಿಸಿದ ಮೆಕ್ಕೆಜೋಳದ ದುಡ್ಡು, ಭಾವಮೈದುನನಿಗೆ ಕೊಟ್ಟು ವಾಪಸ್ ಬಂದ ಕೈಗಡ, ಎಲ್ಲ ಒಂದೇ ಖಾತೆಗೆ ಬೀಳುತ್ತದೆ. ಇಲಾಖೆಯ ಕಂಪ್ಯೂಟರಿಗೆ ಅದೆಲ್ಲ ಮಾರಾಟದ ಥರವೇ ಕಾಣುತ್ತದೆ. ಯಾವುದು ಏನು ಅಂತ ಮೂರು ವರ್ಷ ಆದಮೇಲೆ ನಿಮಗೇ ನೆನಪಿರಲ್ಲ. ಅಂಗಡಿಗೆ ಒಂದು ಖಾತೆ ಬೇರೆ ಮಾಡಿಸಿ ಅಂತ ಹಟ ಹಿಡಿಯುವ ಲೆಕ್ಕದವರು ಸಿಕ್ಕರೆ ಅವರ ಮಾತು ಕೇಳಿ. ಹಾಗೇ ಕೈಗಡ 20 ಸಾವಿರ ಮುಟ್ಟಿದರೆ ನಗದಲ್ಲಿ ಇಸ್ಕೋಬೇಡಿ, ಇಸ್ಕೊಂಡಷ್ಟೇ ಮೊತ್ತದ ದಂಡ ಹಾಕಲು ಕಾನೂನಿನಲ್ಲಿ ಅವಕಾಶ ಇದೆ. ಸಾವಿರಾರು ರೂಪಾಯಿ ಫೀಸು ಕೊಟ್ಟು ಎಚ್ಚರಿಕೆಯ ಈ ಒಂದು ಮಾತು ಕೇಳಿಸಿಕೊಂಡರೂ ಕೊಟ್ಟ ದುಡ್ಡು ಬಂದಂತೆಯೇ.

ಸಂಬಳದವರು, ಪಿಂಚಣಿದಾರರು ಕೆಲವರು ಬಂದಿದ್ದರು. ಅವರಿಗೆ ನಾನು ಹೇಳಿದ್ದು, ಸಂಬಳ, ಬ್ಯಾಂಕ್ ಬಡ್ಡಿ ಬಿಟ್ಟು ಬೇರೆ ಆದಾಯ ಇಲ್ಲದಿದ್ದರೆ ಯಾರಿಗೂ ದುಡ್ಡು ಕೊಡಬೇಕಾಗಿಲ್ಲ. ಆದಾಯ ತೆರಿಗೆ ಪೋರ್ಟಲ್ಲಿನಲ್ಲಿ ಅಂಕಿಅಂಶ ಮೊದಲೇ ತುಂಬಿರುತ್ತದೆ, ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಜೊತೆಗೆ ಕೂರಿಸಿಕೊಂಡು ಮಾಡಿ. ಸೈಟು, ಮನೆ ಮಾರಿದ್ದರೆ, ಷೇರು ವ್ಯವಹಾರ ಇದ್ದರೆ ಆಗ ತಿಳಿದವರ ಹತ್ತಿರ ಹೋಗಿ.

ಆದರೆ ಇವರನ್ನೇ ಹುಡುಕಿಕೊಂಡು ಬರುವವರಿದ್ದಾರೆ. "ನಿಮ್ಮ ಟಿಡಿಎಸ್ ಪೂರ್ತಿ ವಾಪಸ್ ತರಿಸ್ತೀನಿ, ಬಂದಿದ್ದರಲ್ಲಿ ಇಷ್ಟು ಪರ್ಸೆಂಟ್ ಕೊಡಿ" ಅನ್ನುತ್ತಾರೆ. ದಯವಿಟ್ಟು ಎದ್ದು ಬನ್ನಿ. ಅವರು ಮಾಡುವುದು ಇಷ್ಟೇ, ನೀವು ಕೊಡದ ಮನೆ ಬಾಡಿಗೆ, ಕೊಡದ ದೇಣಿಗೆ, ಇಲ್ಲದ ಸಾಲದ ಬಡ್ಡಿ ತೋರಿಸುವುದು. 2025ರ ಜುಲೈ 14ರಂದು ಆದಾಯ ತೆರಿಗೆ ಇಲಾಖೆ ಇಂಥ ಸುಳ್ಳು ಕಡಿತದ ವಿಚಾರವಾಗಿಯೇ ದೇಶದ 150 ಕಡೆ ಪರಿಶೀಲನೆ ಮಾಡಿತು. ಸಿಕ್ಕಿಬಿದ್ದರೆ ಬಂದ ರಿಫಂಡು ಬಡ್ಡಿ ಸಮೇತ ವಾಪಸ್, ಅದರ ಮೇಲೆ ತೆರಿಗೆಯ ಶೇ. 200ರವರೆಗೆ ದಂಡ. ಪರ್ಸೆಂಟ್ ತೆಗೆದುಕೊಂಡವನು ಆ ಹೊತ್ತಿಗೆ ಫೋನ್ ತೆಗೆಯುವುದಿಲ್ಲ. ಸಿ.ಎ.ಗಳಿಗಂತೂ ಹೀಗೆ ಫಲಿತಾಂಶದ ಮೇಲೆ ಪಾಲು ಕೇಳುವುದು ಅವರ ವೃತ್ತಿಯ ನಿಯಮದಲ್ಲೇ ನಿಷಿದ್ಧ. ನಿವೃತ್ತ ಮೇಷ್ಟ್ರೊಬ್ಬರಿಗೆ ಈ ವಯಸ್ಸಲ್ಲಿ ನೋಟಿಸ್ ಹಿಡಿದು ಓಡಾಡಿಸುವವರ ಮೇಲೆ ನನಗೆ ನಿಜವಾಗಿ ಸಿಟ್ಟಿದೆ.

ಫೀಸಿನ ಮಾತು ಬಂತು. ನಮ್ಮ ಜನ ಅಡಿಕೆ ರೇಟು ಕೇಳುವಷ್ಟು ಸಲೀಸಾಗಿ ಫೀಸು ಕೇಳಲ್ಲ, ಸಂಕೋಚ. ಕೇಳಿ. ತಿಂಗಳ ಜಿಎಸ್‌ಟಿಗೆ ಎಷ್ಟು, ವರ್ಷದ ರಿಟರ್ನಿಗೆ ಎಷ್ಟು, ಬ್ಯಾಲೆನ್ಸ್ ಶೀಟಿಗೆ ಎಷ್ಟು, ನೋಟಿಸ್ ಬಂದರೆ ಅದರಲ್ಲೇ ಸೇರಿದೆಯಾ ಬೇರೆಯಾ? ವಾಟ್ಸ್ಯಾಪಲ್ಲಿ ಬರೆಸಿಕೊಂಡರೂ ಸಾಕು. ತೀರಾ ಕಮ್ಮಿ ಹೇಳುವವರನ್ನು ಇನ್ನೊಮ್ಮೆ ಯೋಚಿಸಿ. ನಿಮ್ಮ ಖರೀದಿ ಬಿಲ್ಲುಗಳನ್ನು ಪೋರ್ಟಲ್ಲಿನ 2ಬಿ ಪಟ್ಟಿಗೆ, ಅಂದರೆ ನಿಮಗೆ ಮಾರಿದವರು ತಮ್ಮ ರಿಟರ್ನಿನಲ್ಲಿ ತೋರಿಸಿದ ಬಿಲ್ಲುಗಳ ಪಟ್ಟಿಗೆ, ತಿಂಗಳು ತಿಂಗಳು ತಾಳೆ ನೋಡಬೇಕು. ನಿಮಗೆ ಮಾಲು ಕೊಟ್ಟವನು ರಿಟರ್ನ್ ಹಾಕದಿದ್ದರೆ ಖರೀದಿಯಲ್ಲಿ ನೀವು ಕೊಟ್ಟ ತೆರಿಗೆಯ ಕ್ರೆಡಿಟ್, ಅಂದರೆ ನೀವು ಕಟ್ಟಬೇಕಾದ ತೆರಿಗೆಯಲ್ಲಿ ಅದನ್ನು ಕಳೆಯುವ ಅವಕಾಶ, ನಿಮಗೆ ಸಿಗಲ್ಲ, ಅವನಿಗೆ ಫೋನ್ ಮಾಡಿ ಹಾಕಿಸಬೇಕು. ಹಾರ್ಡ್‌ವೇರ್, ಎಲೆಕ್ಟ್ರಿಕಲ್ ಅಂಗಡಿಯವರಿಗೆ ಇದರಲ್ಲಿ ಹೋಗುವ ದುಡ್ಡು ಸಣ್ಣದಲ್ಲ. ಕೂತು ಮಾಡಿದರೆ ಗಂಟೆಗಟ್ಟಲೆ ಹಿಡಿಯುವ ಕೆಲಸ. ಚಹಾ ದುಡ್ಡಿಗೆ ಯಾರೂ ಅದನ್ನು ಮಾಡಿಕೊಡಲ್ಲ.

ಫೀಸು ಬೇರೆ, ತೆರಿಗೆ ಬೇರೆ. ಇದರಲ್ಲಿ ರಾಜಿ ಬೇಡವೇ ಬೇಡ. ತೆರಿಗೆ ದುಡ್ಡನ್ನು ಯಾರ ಕೈಗೂ ನಗದು ಕೊಡಬೇಡಿ, ಅವರ ಖಾತೆಗೂ ಹಾಕಬೇಡಿ. ಚಲನ್ ಮಾಡಿ ಕಳಿಸಿ ಅನ್ನಿ, ನಿಮ್ಮ ಬ್ಯಾಂಕಿನಿಂದ ನೀವೇ ಕಟ್ಟಿ. ಜಿಎಸ್‌ಟಿ ಚಲನ್ ಕೌಂಟರಿನಲ್ಲೂ ಕಟ್ಟಬಹುದು, ಒಂದು ಚಲನ್ನಿಗೆ 10 ಸಾವಿರದವರೆಗೆ. ಕಟ್ಟಿದ ರಸೀದಿ ನಿಮ್ಮ ಫೋನಿನಲ್ಲಿ ಉಳಿಯುತ್ತದೆ. ನಾನು ನೋಡಿದ ದೊಡ್ಡ ದೊಡ್ಡ ತೊಂದರೆಗಳೆಲ್ಲ "ಅವರೇ ಕಟ್ತಾರೆ ಬಿಡ್ರಿ" ಅನ್ನುವ ಮಾತಿನಿಂದ ಶುರುವಾದವು. ಹಾಗೇ ಸಣ್ಣ ಉದ್ದಿಮೆಗಳಿಗೆ ಇರುವ ಉದ್ಯಮ್ ನೋಂದಣಿಗೆ ಸರ್ಕಾರಿ ಫೀಸು ಅಂತ ಕೇಳಿದರೆ ಕೊಡಬೇಡಿ, ಸರ್ಕಾರಿ ಪೋರ್ಟಲ್ಲಿನಲ್ಲಿ ಅದು ಪುಕ್ಕಟೆ.

ಈಗ ಮೊಬೈಲ್ ನಂಬರು, ಇಮೇಲ್. ನಿಮ್ಮ ಜಿಎಸ್‌ಟಿ ನೋಂದಣಿಯಲ್ಲಿ ಯಾರ ನಂಬರು ಇದೆ? ಸಭೆಯಲ್ಲಿ ಕೇಳಿದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಷ್ಟೋ ಕಡೆ ಲೆಕ್ಕದವರದ್ದೇ ನಂಬರು, ಅವರದ್ದೇ ಇಮೇಲ್. ಪ್ರತಿ ಸಲ ಒಟಿಪಿಗೆ ನಿಮಗೆ ಫೋನ್ ಮಾಡುವುದು ಬೇಡ ಅಂತ ಹೀಗೆ ಮಾಡುತ್ತಾರೆ, ಎಲ್ಲರದ್ದೂ ದುರುದ್ದೇಶ ಅಂತ ಹೇಳುವುದಿಲ್ಲ. ಆದರೆ ಇಲಾಖೆಯ ನೋಟಿಸ್ ಆ ಇಮೇಲಿಗೆ ಹೋಗುತ್ತದೆ. ಅವರು ಊರಲ್ಲಿಲ್ಲ, ಹುಷಾರಿಲ್ಲ, ನೋಡಲಿಲ್ಲ, ಗಡುವು ಮುಗಿಯಿತು. ನಂಬರು ನಿಮ್ಮದೇ ಇರಲಿ. ಪಾಸ್‌ವರ್ಡ್ ಕೊಡದೆಯೂ ಕೆಲಸ ಮಾಡಿಸಬಹುದು, ಜಿಎಸ್‌ಟಿ ಪೋರ್ಟಲ್ಲಿನಲ್ಲಿ ಪ್ರ್ಯಾಕ್ಟೀಷನರನ್ನು ನೇಮಿಸುವ, ತೆಗೆಯುವ ವ್ಯವಸ್ಥೆ ಇದೆ, ಆದಾಯ ತೆರಿಗೆ ಪೋರ್ಟಲ್ಲಿನಲ್ಲಿ ನಿಮ್ಮ ಸಿ.ಎ.ಯನ್ನು ಸೇರಿಸುವ ಜಾಗ ಇದೆ. ಅವರು ಅವರ ಲಾಗಿನ್ನಿನಲ್ಲಿ ಮಾಡುತ್ತಾರೆ, ಒಪ್ಪಿಗೆ ನೀವು ಕೊಡುತ್ತೀರಿ. ಒಟಿಪಿ ಬಂದಾಗ ಸುಮ್ನೆ ಓದಿ ಹೇಳಬೇಡಿ. "ಯಾವ ರಿಟರ್ನು, ಎಷ್ಟು ಮಾರಾಟ ತೋರಿಸಿದೀರಿ, ಎಷ್ಟು ತೆರಿಗೆ?" ಅಂತ ಕೇಳಿ ಆಮೇಲೆ ಹೇಳಿ. ಅರ್ಧ ನಿಮಿಷದ ಕೆಲಸ.

ಸಿ.ಎ. ಅಂತ ಹೇಳಿಕೊಂಡವರು ನಿಜವಾಗಿ ಸಿ.ಎ. ಹೌದೋ ಅಲ್ಲವೋ ಅಂತ ನೋಡುವುದು ತಪ್ಪಲ್ಲ, ಅವರಿಗೆ ಅವಮಾನವೂ ಅಲ್ಲ. ಅವರ ಸದಸ್ಯತ್ವ ಸಂಖ್ಯೆ ಕೇಳಿ. ಬ್ಯಾಂಕ್ ಸಾಲಕ್ಕೆ ಅವರು ಕೊಡುವ ಸರ್ಟಿಫಿಕೇಟು, ಆಡಿಟ್ ವರದಿ ಎಲ್ಲದರ ಮೇಲೂ ಯುಡಿಐಎನ್ ಅಂತ 18 ಅಕ್ಷರದ ಸಂಖ್ಯೆ ಇರಬೇಕು, 2019ರಿಂದ ಕಡ್ಡಾಯ. ಸಂಸ್ಥೆಯ ಯುಡಿಐಎನ್ ಪೋರ್ಟಲ್ಲಿನಲ್ಲಿ ಹಾಕಿ ನೋಡಿದರೆ ಆ ಕಾಗದ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ. ಬ್ಯಾಂಕಿನವರೂ ನೋಡುತ್ತಾರೆ. ಸಾಲಕ್ಕೆ ಒಂದು ಬ್ಯಾಲೆನ್ಸ್ ಶೀಟು, ತೆರಿಗೆಗೆ ಇನ್ನೊಂದು ಮಾಡಿಕೊಡುತ್ತೇನೆ ಅನ್ನುವವರು ಈಗಲೂ ಇದ್ದಾರೆ. ರಿಟರ್ನ್, ಜಿಎಸ್‌ಟಿ, ಬ್ಯಾಂಕ್ ಸ್ಟೇಟ್‌ಮೆಂಟು ಮೂರನ್ನೂ ಪಕ್ಕಪಕ್ಕ ಇಟ್ಟು ನೋಡುವ ಕಾಲದಲ್ಲಿ ಅದು ನಡೆಯಲ್ಲ.

ಹುಡುಕುವ ಕಾಲವೂ ಮುಖ್ಯ. ಜುಲೈ ಕೊನೆಯ ವಾರ, ಸೆಪ್ಟೆಂಬರ್ ತಿಂಗಳು ಹೋಗಬೇಡಿ. ಆಗ ಆ ಆಫೀಸುಗಳಲ್ಲಿ ರಾತ್ರಿ ಹನ್ನೊಂದಾದರೂ ದೀಪ ಉರಿಯುತ್ತಿರುತ್ತದೆ, ನಿಮ್ಮ ಮಾತು ಕೇಳಲು ಯಾರಿಗೂ ಪುರುಸೊತ್ತಿಲ್ಲ. ಒಬ್ಬ ಸಿ.ಎ. ವರ್ಷಕ್ಕೆ ಮಾಡಬಹುದಾದ ತೆರಿಗೆ ಆಡಿಟ್‌ಗಳಿಗೂ 60ರ ಮಿತಿ ಇದೆ. ಕೆಲಸ ಕಮ್ಮಿ ಇರುವ ಮೇ ತಿಂಗಳಲ್ಲಿ ಹೋಗಿ ಕೂತು ಮಾತಾಡಿ. ಹೊಸದೇನು ಬಂದಿದೆ ಅಂತ ಕೇಳಿ. 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರ ಬದಲಾಯಿತು, 12ರಲ್ಲಿದ್ದ ಎಷ್ಟೋ ಸಾಮಾನು 5ಕ್ಕೆ ಬಂತು. 2026ರ ಏಪ್ರಿಲ್ 1ರಿಂದ 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ ಹೊಸ ಕಾಯ್ದೆ. ಇದನ್ನು ನಿಮ್ಮ ಅಂಗಡಿಗೆ ಹೊಂದಿಸಿ ಕನ್ನಡದಲ್ಲಿ, ನಿಮಗೆ ಅರ್ಥವಾಗುವ ಹಾಗೆ ಹೇಳುತ್ತಾರಾ ನೋಡಿ. ಮತ್ತೆ, ನಿಮ್ಮ ಥರದ್ದೇ ವ್ಯಾಪಾರ ಮಾಡುವ ಇಬ್ಬರನ್ನು ಕೇಳಿ ಹೋಗಿ. ನೆಂಟರು ಅಂತ ಹೋಗಬೇಡಿ. ತಪ್ಪಾದರೆ ಕೇಳಲು ಬಾಯಿ ಬರಲ್ಲ, ಬಿಡಲು ಮನಸ್ಸು ಬರಲ್ಲ.

ಮಾತು ಮುಗಿದ ಮೇಲೆ ಬಟ್ಟೆ ಅಂಗಡಿ ನಡೆಸುವ ಒಬ್ಬ ಅಮ್ಮ ಎದ್ದು ಕೇಳಿದರು. "ಹಳೆಯವರನ್ನ ಬಿಡಬೇಕು ಅಂತಿದೀನಿ ಅಣ್ಣಾ. ಫೈಲು ಕೇಳಿದರೆ ನಾಳೆ ಬಾ ಅಂತಾರೆ. ಎಲ್ಲ ಅವರತ್ರನೇ ಇದೆ. ಏನು ಮಾಡ್ಲಿ?"

ಈ ಪ್ರಶ್ನೆ ತುಂಬ ಜನರದ್ದು, ಹಾಗಾಗಿ ಉತ್ತರ ಪೂರ್ತಿ ಬರೆಯುತ್ತೇನೆ. ಅಮ್ಮಾ, ಮೊದಲು ಅವರ ಬಾಕಿ ಫೀಸು ಎಷ್ಟಿದೆ ಕೇಳಿ ಕೊಟ್ಟುಬಿಡಿ, ರಸೀದಿ ತಗೊಳ್ಳಿ. ಜಗಳ ಬೇಡ. ನೀವು ಅಂದುಕೊಂಡಷ್ಟು ಅವರ ಹತ್ತಿರ ಇಲ್ಲ. ಆದಾಯ ತೆರಿಗೆ ಪೋರ್ಟಲ್ಲಿನ ಪಾಸ್‌ವರ್ಡ್ ಗೊತ್ತಿಲ್ಲದಿದ್ದರೂ ಆಧಾರ್ ಜೊತೆಗಿರುವ ಮೊಬೈಲಿಗೆ ಒಟಿಪಿ ತರಿಸಿ ಹೊಸದು ಮಾಡಿಕೊಳ್ಳಬಹುದು, ಹಿಂದೆ ಹಾಕಿದ ರಿಟರ್ನ್‌ಗಳೆಲ್ಲ ಅಲ್ಲೇ ಸಿಗುತ್ತವೆ. ಜಿಎಸ್‌ಟಿಯಲ್ಲಿ ಅವರ ನಂಬರು ಇದ್ದರೆ ನಿಮ್ಮ ವ್ಯಾಪ್ತಿಯ ಜಿಎಸ್‌ಟಿ ಅಧಿಕಾರಿಯ ಕಚೇರಿಗೆ ಗುರುತಿನ ಚೀಟಿ, ಅಂಗಡಿಯ ದಾಖಲೆ ತಗೊಂಡು ಹೋಗಿ ಅರ್ಜಿ ಕೊಡಿ, ಇಮೇಲ್, ಮೊಬೈಲ್ ಬದಲಿಸಿ ಕೊಡುವ ದಾರಿ ಇದೆ. ಬ್ಯಾಂಕ್ ಸ್ಟೇಟ್‌ಮೆಂಟ್ ಬ್ಯಾಂಕಿನಲ್ಲಿ ಸಿಗುತ್ತದೆ. ಬೇರೆಲ್ಲೂ ಸಿಗದೆ ಇರುವುದು ಖರೀದಿ ಬಿಲ್ಲುಗಳು ಮತ್ತು ಟ್ಯಾಲಿ ಡೇಟಾ. ಅವೆರಡನ್ನು ಹೆಸರಿಟ್ಟು ಕೇಳಿ, ಪೆನ್‌ಡ್ರೈವ್ ನೀವೇ ತಗೊಂಡು ಹೋಗಿ. ಜಿಎಸ್‌ಟಿಗೆ ಆರು ವರ್ಷದ ಲೆಕ್ಕ ಇಟ್ಟಿರಬೇಕು, ಅದಕ್ಕೇ ಹಳೆ ವರ್ಷಗಳದ್ದೂ ಬಿಡಬೇಡಿ. ಅವರು ಸಿ.ಎ. ಆಗಿದ್ದು ಆಡಿಟ್ ಮಾಡಿದ್ದರೆ, ಹೊಸ ಸಿ.ಎ. ಕೆಲಸ ಒಪ್ಪುವ ಮುಂಚೆ ಹಳೆಯವರಿಗೆ ಪತ್ರ ಬರೆಯಬೇಕು ಅನ್ನುವುದು ಅವರಲ್ಲಿನ ನಿಯಮ. ಎಷ್ಟೋ ಸಲ ಆ ಪತ್ರ ಹೋದ ಮೇಲೆ ಫೈಲು ತಾನಾಗೇ ಬರುತ್ತದೆ. ಆಗಲೂ ಕೊಡದಿದ್ದರೆ ಸಿ.ಎ. ಸಂಸ್ಥೆಗೆ ದೂರು ಕೊಡಬಹುದು.

ಬದಲಾಯಿಸುವುದನ್ನು ಮಾರ್ಚ್ 31ಕ್ಕೆ ಹೊಂದಿಸಿಕೊಳ್ಳಿ. ಆ ದಿನ ಅಂಗಡಿಯಲ್ಲಿರುವ ಮಾಲಿನ ದಾಸ್ತಾನು ನೀವೇ ಎಣಿಸಿ ಬರೆದಿಡಿ, ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಡಬೇಕು ಅನ್ನುವ ಪಟ್ಟಿ ಮಾಡಿ, ಬ್ಯಾಂಕಿನ ಆ ದಿನದ ಶಿಲ್ಕು ಬರೆಯಿರಿ. ಈ ಹಾಳೆಗಳ ಮೇಲೆ ತಾರೀಕು, ಸಹಿ ಹಾಕಿ ಒಂದು ಪ್ರತಿ ಹೊಸಬರಿಗೆ ಕೊಡಿ, ಒಂದು ನಿಮ್ಮ ಬೀರುವಿನಲ್ಲಿರಲಿ. ಹೊಸ ಲೆಕ್ಕ ಶುರು ಮಾಡಲು ಅವರಿಗೆ ಇಷ್ಟು ಸಾಕು.